ಹೆಸರಿಲ್ಲದ ಚೆಕ್ಕು

ನವೆಂಬರಿನ ಎರಡನೆಯ ವಾರ ಆ ಚೆಕ್ಕು ಬಂತು. ಕರೆಂಟ್ ಬಿಲ್ಲು, ಛಾವಣಿ ರಿಪೇರಿಯವನು ಮೂರನೆಯ ಸಲ ಕಳಿಸಿದ ಕಾಗದ, ತೀರಿಕೊಂಡು ಎರಡು ವರ್ಷವಾದ ಸದಸ್ಯರೊಬ್ಬರ ಹೆಸರಿಗೆ ಇನ್ನೂ ಬರುತ್ತಿದ್ದ ವಾರಪತ್ರಿಕೆ, ಇವುಗಳ ಮಧ್ಯೆ ಒಂದು ತೆಳ್ಳನೆಯ ಬಿಳಿ ಲಕೋಟೆ. ಒಡೆದು ಮೊತ್ತ ಓದಿದೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದೆ.

ಈರಿ ಸರೋವರದ ದಂಡೆಯ ನಮ್ಮ ಊರಿನಲ್ಲಿ ಯೆಹೂದಿ ಸಮಾಜದ ಕಚೇರಿ ಅಂದರೆ ನಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗಿನ ನೆಲಮಾಳಿಗೆಯ ಒಂದು ಕೋಣೆ, ಆ ಕೋಣೆಯಲ್ಲಿ ನಾನು. ರೋಸ್ಲಿನ್ ಜಲ್ಕಿನ್. ಶಾಲೆಯ ಲೈಬ್ರರಿ ಕೆಲಸದಿಂದ ನಿವೃತ್ತಳಾದ ಮೇಲೆ ವಾರಕ್ಕೆ ಮೂರು ದಿನ ಅಲ್ಲಿ ಕೂರುತ್ತಿದ್ದೆ. ಕೋಣೆಯ ಪಕ್ಕದಲ್ಲೇ ಅಡುಗೆಮನೆ. ಮಂಗಳವಾರ ಮತ್ತು ಗುರುವಾರ ಅಲ್ಲಿ ವಯಸ್ಸಾದವರಿಗೆ ಬಿಸಿ ಊಟ, ನಮ್ಮ ಧರ್ಮದ ಕಟ್ಟುಪಾಡಿನ ಪ್ರಕಾರ ಬೇಯಿಸಿದ್ದು. ಮೂವತ್ತು ಜನ ಬರುತ್ತಿದ್ದರು. ಹೊಸ ವರ್ಷದಿಂದ ಅದನ್ನು ನಿಲ್ಲಿಸುವುದು ಎಂದು ಕಮಿಟಿ ತೀರ್ಮಾನಿಸಿ ಆಗಿತ್ತು. ಆ ಚೆಕ್ಕಿನ ಹಣದಲ್ಲಿ ಊಟ ಇನ್ನೊಂದು ವರ್ಷ ನಡೆಯುತ್ತಿತ್ತು.

ತೊಂದರೆ ಏನೆಂದರೆ ಚೆಕ್ಕಿನ ಮೇಲೆ ಕೊಟ್ಟವರ ಹೆಸರಿರಲಿಲ್ಲ. ಹೂಡಿಕೆ ಕಂಪನಿಯೊಂದರ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ 'ಖಾತೆದಾರರ ಪರವಾಗಿ', ಮೂಲೆಯಲ್ಲಿ 'ಅಡುಗೆಮನೆಗೆ' ಎಂಬ ಒಂದೇ ಪದ. ಇಷ್ಟೇ.

ಯಾಕೆ ಹೀಗಾಯಿತೆಂದು ಊಹಿಸುವುದು ಕಷ್ಟವಿರಲಿಲ್ಲ. ಸೆಪ್ಟೆಂಬರಿನಲ್ಲಿ ನಾನೇ ಎಲ್ಲರಿಗೂ ಒಂದು ಪತ್ರ ಕಳಿಸಿದ್ದೆ. ವಯಸ್ಸಾದ ಮೇಲೆ ನಿವೃತ್ತಿ ಉಳಿತಾಯದಿಂದ ಪ್ರತಿ ವರ್ಷ ಇಷ್ಟು ಎಂದು ತೆಗೆಯಲೇಬೇಕು, ಬೇಡವೆಂದರೂ ಸರ್ಕಾರ ಬಿಡುವುದಿಲ್ಲ, ತೆಗೆದದ್ದಕ್ಕೆ ತೆರಿಗೆಯನ್ನೂ ಕಟ್ಟಬೇಕು. ಅದರ ಬದಲು ಖಾತೆಯಿಂದ ನೇರವಾಗಿ ಧರ್ಮಕಾರ್ಯಕ್ಕೆ ಕಳಿಸಿದರೆ ತೆರಿಗೆ ಇಲ್ಲ. ಆದರೆ ಹಣ ನಿಮ್ಮ ಕೈಗೆ ಬಂದು ಹೋಗಬಾರದು, ಕಂಪನಿಯೇ ಕಳಿಸಬೇಕು. ಹೀಗೆ ಬರೆದಿದ್ದೆ. ಯಾರೋ ಅದನ್ನು ಓದಿದ್ದರು, ಬರೆದ ಹಾಗೇ ಮಾಡಿದ್ದರು. ಕಂಪನಿ ಮಾತ್ರ ಹೆಸರು ಹಾಕುವುದನ್ನು ಮರೆತಿತ್ತು. ಫೋನ್ ಮಾಡಿ ಕೇಳಿದರೆ, ಗ್ರಾಹಕರ ವಿಷಯ ಹೇಳುವ ಹಾಗಿಲ್ಲ ಎಂದರು.

ಕಮಿಟಿಯ ಅಧ್ಯಕ್ಷ ಜೆರಾಲ್ಡ್ ವಿಟ್ಲಿನ್. ನಲವತ್ತು ವರ್ಷ ಊರಿನವರ ಹಲ್ಲು ಕಿತ್ತವರು. ಯಾವ ವಿಷಯದಲ್ಲೂ ಅವರಿಗೆ ಅನುಮಾನವೆಂಬುದೇ ಬರುತ್ತಿರಲಿಲ್ಲ.

"ಇದರಲ್ಲಿ ಪತ್ತೆ ಮಾಡೋಕೆ ಏನಿದೆ ರೋಸ್? ಲುಬೆಟ್ಕಿನ್ ಕೊಟ್ಟಿರೋದು. ನಮ್ಮಲ್ಲಿ ಇಷ್ಟು ಕೊಡೋ ತಾಕತ್ತು ಇನ್ಯಾರಿಗಿದೆ?"

"ಅವರು ಹೆಸರಿಲ್ಲದೆ ಕೊಡೋ ಪೈಕಿ ಅಲ್ಲ ಜೆರಾಲ್ಡ್. ಹೋದ ಸಲ ಎರಡು ಮಡಿಸೋ ಕುರ್ಚಿ ಕೊಟ್ಟು ಎರಡರ ಮೇಲೂ ಹೆಸರು ಬರೆಸಿದ್ರು."

"ವಯಸ್ಸಾದ ಮೇಲೆ ಮನುಷ್ಯ ಮೆತ್ತಗಾಗ್ತಾನೆ ಬಿಡಿ."

ಹನುಕ್ಕಾ ಹಬ್ಬದ ಊಟದ ದಿನ ಜೆರಾಲ್ಡ್ ಎದ್ದು ನಿಂತು, ಹೆಸರು ಹೇಳಬಯಸದ ಒಬ್ಬ ದೊಡ್ಡ ಮನಸ್ಸಿನವರು ಎಂದು ಶುರುಮಾಡಿ, ಲುಬೆಟ್ಕಿನ್ ಕೂತಿದ್ದ ಕಡೆಗೇ ನೋಡುತ್ತ ಐದು ನಿಮಿಷ ಮಾತಾಡಿದರು. ಎಲ್ಲರೂ ಆ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಪೀಠೋಪಕರಣದ ಮೂರು ಅಂಗಡಿ ಮಾರಿ ಆರಾಮಾಗಿದ್ದ ಲುಬೆಟ್ಕಿನ್ ತಟ್ಟೆಯಲ್ಲಿದ್ದ ಆಲೂಗಡ್ಡೆ ರೊಟ್ಟಿಯನ್ನು ನೋಡುತ್ತ, "ಅದೆಲ್ಲ ಯಾಕೆ, ಅದೆಲ್ಲ ಯಾಕೆ," ಎಂದರು. ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ಕಚೇರಿಗೆ ಫೋನ್ ಬಂತು.

"ನವೆಂಬರ್‌ನಲ್ಲಿ ನಿಮಗೆ ಸ್ವಲ್ಪ ದುಡ್ಡು ಕಳಿಸಿದ್ದೆ. ತಲುಪಿತು ಅನ್ನೋ ಪತ್ರ ಇನ್ನೂ ಬಂದಿಲ್ಲ. ತೆರಿಗೆ ಕಾಗದದ ಜೊತೆ ಇಟ್ಕೋಬೇಕಂತೆ. ಕಳಿಸ್ತೀರಾ?"

ದನಿ ನನಗೆ ತಕ್ಷಣ ಗೊತ್ತಾಯಿತು. ಮೂವತ್ತು ವರ್ಷದಲ್ಲಿ ಅದು ಸ್ವಲ್ಪ ಒಡೆದಿತ್ತು, ಅಷ್ಟೆ.

"ಮಿಲ್ಟನ್?" ಎಂದೆ.

"ಓ, ನೀನಾ ರೋಸ್. ಇನ್ನೂ ಅಲ್ಲೇ ಇದ್ದೀಯ?"

ಮಿಲ್ಟನ್ ಗೊರೆಲಿಕ್ ಯಾರೆಂದು ಹೇಳಬೇಕಾದರೆ ಅವರ ಹೆಂಡತಿಯಿಂದ ಶುರುಮಾಡಬೇಕು.

ವಾಂಡಾ ಪೋಲಿಷ್ ಮನೆತನದ ಕ್ಯಾಥೊಲಿಕ್ ಹೆಂಗಸು. ಮಿಲ್ಟನ್ ರೈಲು ಎಂಜಿನ್ ಕಾರ್ಖಾನೆಯಲ್ಲಿ ಮರದ ಅಚ್ಚು ಕೆತ್ತುತ್ತಿದ್ದರು, ಅವಳು ಅಲ್ಲಿನ ಕ್ಯಾಂಟೀನಿನಲ್ಲಿದ್ದಳು. ಮದುವೆಯಾದರು, ಮಕ್ಕಳಾಗಲಿಲ್ಲ. ಅವಳು ಮತ ಬದಲಿಸಲಿಲ್ಲ, ಮಿಲ್ಟನ್ ಕೇಳಲೂ ಇಲ್ಲ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗಿ, ಅಲ್ಲಿಂದ ನೇರ ನಮ್ಮ ಸಿನಗಾಗಿನ ಅಡುಗೆಮನೆಗೆ ಬರುತ್ತಿದ್ದಳು. ಹದಿನೈದು ವರ್ಷ ಆ ಅಡುಗೆಮನೆ ಅವಳದೇ. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ ಎಂಬ ನಮ್ಮ ಕಟ್ಟುಪಾಡನ್ನು ನಮಗಿಂತ ಚೆನ್ನಾಗಿ ಅವಳು ಕಾಯುತ್ತಿದ್ದಳು. ಮಾಂಸದ ಸೌಟಿಗೆ ಕೆಂಪು ಪಟ್ಟಿ, ಹಾಲಿನ ಸೌಟಿಗೆ ನೀಲಿ ಪಟ್ಟಿ ಸುತ್ತಿಟ್ಟಿದ್ದಳು. ಒಂದು ಸಲ ನಾನು ನೀಲಿ ಸೌಟು ಹಿಡಿದು ಕೋಳಿ ಸಾರಿನ ಕಡೆ ಹೋಗುತ್ತಿದ್ದಾಗ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದ್ದಳು: "ಏಯ್ ರೋಸ್! ಕಣ್ಣು ಮನೇಲಿಟ್ಟು ಬಂದಿದ್ದೀಯೇನೇ? ಅದನ್ನ ಅದ್ದಿದ್ರೆ ನಿಮ್ಮ ದೇವರು ನಿನ್ನ ಕೇಳಲ್ಲ, ನನ್ನ ಕೇಳ್ತಾನೆ. ಈ ಪೋಲಿಷ್ ಹೆಂಗಸು ಕೆಡಿಸಿದಳು ಅಂತಾನೆ!"

ತೊಂಬತ್ತಮೂರರ ಮಾರ್ಚಿನಲ್ಲಿ ಅವಳು ಹೊಟ್ಟೆಯ ಕ್ಯಾನ್ಸರಿನಿಂದ ಸತ್ತಳು. ನಲವತ್ತಾರು ವಯಸ್ಸು. ಮಿಲ್ಟನ್ ಸ್ಮಶಾನ ಕಮಿಟಿಯ ಮುಂದೆ ಒಂದು ಕೋರಿಕೆ ಇಟ್ಟರು. ನಮ್ಮ ಸ್ಮಶಾನದ ಬೇಲಿ ಪಕ್ಕದ ಒಂದು ಮೂಲೆ ಕೊಡಿ, ಅವಳನ್ನು ಅಲ್ಲಿಡುತ್ತೇನೆ, ಮುಂದೆ ನಾನೂ ಅಲ್ಲೇ ಬರುತ್ತೇನೆ. ಯೆಹೂದಿಗಳಲ್ಲದವರನ್ನು ಅಲ್ಲಿ ಹೂಳಬಾರದೆಂದು ನಿಯಮಾವಳಿಯಲ್ಲಿತ್ತು. ಕಮಿಟಿ ಸೇರಿತು. ಕೆಲವರು ಅಳುತ್ತಲೇ ಮಾತಾಡಿದರು. ಹದಿನೈದು ಜನರಲ್ಲಿ ಹನ್ನೊಂದು ಜನ ಆಗುವುದಿಲ್ಲ ಎಂದು ಕೈ ಎತ್ತಿದರು. ಅದರಲ್ಲಿ ಒಂದು ಕೈ ನನ್ನದು.

ಆಗ ನನಗೆ ನಲವತ್ತೊಂದು. ನಿಯಮ ನಿಯಮವೇ, ಒಬ್ಬರಿಗಾಗಿ ಮುರಿದರೆ ಎಲ್ಲರಿಗೂ ಮುರಿಯಬೇಕಾಗುತ್ತದೆ ಎಂದು ನಂಬಿದ್ದೆ. ಹಾಗೆ ನಂಬಿದ್ದೆನೋ, ಪಕ್ಕದವರೆಲ್ಲ ಎತ್ತಿದರೆಂದು ಎತ್ತಿದೆನೋ, ಈಗ ಖಚಿತವಾಗಿ ಹೇಳಲಾರೆ. ವಾಂಡಾಳನ್ನು ಅವಳ ತವರಿನವರ ಜಾಗದಲ್ಲಿ, ಊರಿನ ಪೂರ್ವಕ್ಕಿರುವ ಕ್ಯಾಥೊಲಿಕ್ ಸ್ಮಶಾನದಲ್ಲಿ ಇಟ್ಟರು. ನಮ್ಮವರು ಮೂರೋ ನಾಲ್ಕೋ ಜನ ಹೋಗಿದ್ದರು. ನಾನು ಹೋಗಲಿಲ್ಲ. ಅಂದಿನಿಂದ ಮಿಲ್ಟನ್ ಸಿನಗಾಗಿನ ಮೆಟ್ಟಿಲು ಹತ್ತಲಿಲ್ಲ. ಅಂಚೆ ಕಳಿಸುವ ಪಟ್ಟಿಯಿಂದ ಅವರ ವಿಳಾಸವನ್ನು ಯಾರೂ ತೆಗೆದಿರಲಿಲ್ಲ. ಪಟ್ಟಿ ನನ್ನ ಕೈಗೆ ಬಂದ ಮೇಲೆ ನಾನೂ ತೆಗೆಯಲಿಲ್ಲ.

ಪತ್ರವನ್ನು ಅಂಚೆಗೆ ಹಾಕಬಹುದಿತ್ತು. ಟೈಪ್ ಮಾಡಿ ಸಹಿ ಮಾಡಿ, ಕೋಟು ಹಾಕಿಕೊಂಡು ನಾನೇ ತೆಗೆದುಕೊಂಡು ಹೋದೆ.

ಅವರ ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ. ಬಾಗಿಲು ತೆರೆದ ಮಿಲ್ಟನ್ ಎಡಗೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ ಹಿಡಿದಿದ್ದರು. ಎಪ್ಪತ್ತೆಂಟು ವರ್ಷ. ಬೆನ್ನು ಬಾಗಿತ್ತು, ಕೈಗಳು ಮಾತ್ರ ಹಾಗೇ ಇದ್ದವು, ಅಗಲವಾಗಿ, ಗಂಟುಗಂಟಾಗಿ.

"ಅಂಚೆ ಚೀಟಿಗೂ ದುಡ್ಡಿಲ್ವಾ ನಿಮ್ಮ ಹತ್ರ?" ಎಂದರು. "ಬಾ ಒಳಗೆ. ಹಿಮ ಒದರಿ ಬಾ."

ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ನಿಂಬೆ ಹಾಕಿದ ಚಹಾ ಕೊಟ್ಟರು. ಪತ್ರವನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು. "'ಈ ದಾನಕ್ಕೆ ಪ್ರತಿಯಾಗಿ ದಾನಿಗೆ ಯಾವ ವಸ್ತುವನ್ನೂ, ಯಾವ ಸೇವೆಯನ್ನೂ ಕೊಟ್ಟಿರುವುದಿಲ್ಲ.' ಇದೇನಿದು?"

"ಹಾಗೆ ಬರೀಲೇಬೇಕು. ತೆರಿಗೆಯವರು ಕೇಳ್ತಾರೆ."

"ಸರಿಯಾಗೇ ಇದೆ ಬಿಡು," ಎಂದು ನಕ್ಕರು. "ಮೂವತ್ತು ವರ್ಷದಲ್ಲಿ ನಿಮ್ಮ ಕಡೆಯಿಂದ ಈ ಮನೆಗೆ ಬಂದವಳು ನೀನೊಬ್ಬಳೇ. ಅದೂ ತೆರಿಗೆ ಇಲಾಖೆ ಪುಣ್ಯದಿಂದ."

ನಾನು ಲೋಟ ಕೆಳಗಿಟ್ಟೆ. ದಾರಿಯಲ್ಲಿ ಕಾರು ಓಡಿಸುತ್ತ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ ಬರೀ ಇಷ್ಟು ಬಂತು: "ಮಿಲ್ಟನ್, ಅವತ್ತು ನಾನೂ ಕೈ ಎತ್ತಿದ್ದೆ."

"ಗೊತ್ತು."

"ಹೇಗೆ ಗೊತ್ತು? ನೀವು ಒಳಗಿರಲಿಲ್ಲ."

"ಬಾಗಿಲಲ್ಲಿ ಗಾಜಿತ್ತಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮಾತು ಕೇಳ್ತಿರಲಿಲ್ಲ, ಕೈ ಕಾಣ್ತಿತ್ತು. ಹನ್ನೊಂದು. ನಿನ್ನದು ಕೊನೇದು." ಆಲೂಗಡ್ಡೆ ಸುಲಿಯುವುದನ್ನು ಮುಂದುವರಿಸಿದರು. "ಬಹಳ ವರ್ಷ ನಿನ್ನ ಮೇಲೆ ಬೇರೆಯವರಿಗಿಂತ ಜಾಸ್ತಿ ಸಿಟ್ಟಿತ್ತು ನಂಗೆ. ಉಳಿದವರು ಎತ್ತಬೇಕು ಅಂತ ಎತ್ತಿದ್ರು. ನೀನು ಅತ್ತಿತ್ತ ನೋಡಿ ಎತ್ತಿದೆ."

ನಾನು ಮೇಜಿನ ಮೇಲೆ ಬೀಳುತ್ತಿದ್ದ ಸಿಪ್ಪೆಗಳನ್ನು ಒಂದು ಕಡೆ ಕೂಡಿಸಿದೆ.

"ಮತ್ತೆ ಈ ದುಡ್ಡು ಯಾಕೆ?" ಎಂದು ಆಮೇಲೆ ಕೇಳಿದೆ.

"ಇಜ್ಜಿ ರಾಪಪೋರ್ಟ್ ಇದ್ದಾನಲ್ಲ, ಟೈಲರ್. ಕ್ಷೌರದಂಗಡೀಲಿ ಸಿಕ್ಕಿದ್ದ. ಊಟ ನಿಲ್ಲಿಸ್ತಾರಂತೆ ಅಂದ. ಅಂದವನು ಅಳೋಕೆ ಶುರುಮಾಡಿಬಿಟ್ಟ, ಮುಖದ ತುಂಬ ಸೋಪು ಇಟ್ಕೊಂಡು. ತೊಂಬತ್ತು ವರ್ಷದ ಗಂಡಸು. ವಾರದಲ್ಲಿ ಅವನು ಇನ್ನೊಬ್ಬರ ಜೊತೆ ಕೂತು ಉಣ್ಣೋದು ಆ ಎರಡು ದಿನ ಮಾತ್ರ. ಅದೇ ವಾರ ನಿಮ್ಮ ಕಚೇರಿ ಪತ್ರ ಬಂತು. ಕಾರ್ಖಾನೆಯವರು ಕೂಡಿಟ್ಟ ದುಡ್ಡು, ನಾನು ಮುಟ್ಟೇ ಇಲ್ಲ. ಪೆನ್ಷನ್ ಸಾಕು ನಂಗೆ. ವರ್ಷಾ ವರ್ಷಾ ತೆಗೀಲೇಬೇಕು ಅಂತಾರೆ. ತೆಗೆದು ಏನು ಮಾಡಲಿ, ದೋಣಿ ತಗೊಳ್ಳಲಾ?"

"ಆದರೂ ನಮಗೇ ಕೊಡಬೇಕು ಅಂತ…"

"ನಿಮಗೆಲ್ಲಿ ಕೊಟ್ಟೆ? ಅಡುಗೆಮನೆಗೆ ಕೊಟ್ಟೆ. ಚೆಕ್ಕಿನ ಮೇಲೆ ಬರೆದಿರಲಿಲ್ವಾ? ಅದು ಅವಳಿದ್ದ ಜಾಗ. ಒಲೆ ಆರೋದು ಬೇಡ ಅನ್ನಿಸ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಡ."

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಆ ಸೌಟುಗಳು ಇವೆಯಾ ಇನ್ನೂ?"

"ಇಲ್ಲ. ಹೊಸವು ಬಂದಿವೆ. ಹಿಡಿಯಲ್ಲೇ ಬಣ್ಣ ಇರುತ್ತೆ ಈಗ."

"ಒಳ್ಳೇದಾಯ್ತು. ಆ ಪಟ್ಟಿ ಯಾವಾಗಲೂ ಕಿತ್ತು ಬರ್ತಿತ್ತು."

ಮುಂದಿನ ವಾರದ ಸಭೆಯಲ್ಲಿ ಚೆಕ್ಕು ಯಾರದೆಂದು ಹೇಳಿದೆ. ಜೆರಾಲ್ಡ್ ಅವರ ಮುಖ ನೋಡಬೇಕಿತ್ತು. ಲುಬೆಟ್ಕಿನ್ ಕುರ್ಚಿಯಲ್ಲಿ ಅಲುಗಾಡದೆ ಕೂತು, "ನಾನು ಅವತ್ತೇ ಹೇಳಿದ್ನಲ್ಲ, ಅದೆಲ್ಲ ಯಾಕೆ ಅಂತ," ಎಂದರು. ಯಾರೋ ಫಕ್ಕನೆ ನಕ್ಕರು. ಲುಬೆಟ್ಕಿನ್ ಕಿವಿ ಕೆಂಪಾಯಿತು. ಅದಾದ ಎರಡು ವಾರಕ್ಕೆ ಅವರೂ ಒಂದು ಚೆಕ್ಕು ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಅದರ ಮೇಲೆ ಹೆಸರು ದಪ್ಪಕ್ಷರದಲ್ಲೇ ಇತ್ತು. ಹೆಸರಿದ್ದರೇನು, ಇಲ್ಲದಿದ್ದರೇನು, ಸಾರಿಗೇನು ಗೊತ್ತಾಗುತ್ತದೆ?

ಆದರೆ ಆ ಸಭೆ ಅಲ್ಲಿಗೆ ಮುಗಿಯಲಿಲ್ಲ. ಮೊದಲು ಅಡುಗೆಮನೆಯ ಗೋಡೆಗೆ ಮಿಲ್ಟನ್ ಹೆಸರಿನ ಫಲಕ ಹಾಕಬೇಕೆಂದರು. ಆಮೇಲೆ ಒಬ್ಬೊಬ್ಬರಾಗಿ ತೊಂಬತ್ತಮೂರರ ಮಾತು ತೆಗೆದರು. ಅವತ್ತು ಕೈ ಎತ್ತಿದ ಹನ್ನೊಂದು ಜನರಲ್ಲಿ ಉಳಿದವರು ಜೆರಾಲ್ಡ್ ಮತ್ತು ನಾನು. ಹೊಸಬರಿಗೆ ಅದೊಂದು ಹಳೆಯ ಕಾಲದ ಒರಟುತನವಾಗಿ ಕಂಡಿತು. ಅವರಲ್ಲಿ ಅರ್ಧಕ್ಕರ್ಧ ಜನರ ಅಳಿಯನೋ ಸೊಸೆಯೋ ಬೇರೆ ಮತದವರು. ಬೇಲಿಯ ಉದ್ದಕ್ಕೂ ಒಂದು ಪಟ್ಟಿ ಜಾಗ ಬಿಟ್ಟು, ನಡುವೆ ಗಿಡಗಳ ಸಾಲು ನೆಟ್ಟು, ಅಂಥ ದಂಪತಿಗಳಿಗೆ ಕೊಡೋಣ, ವಾಂಡಾಳನ್ನೂ ಅಲ್ಲಿಗೆ ತರಿಸೋಣ, ಅದೇ ಮಿಲ್ಟನ್‌ಗೆ ನಾವು ಮಾಡುವ ಮರ್ಯಾದೆ ಎಂದರು. ಜೆರಾಲ್ಡ್ ಮಾತ್ರ, "ನಿಯಮ ಇರೋದು ಸುಮ್ನೆ ಅಲ್ಲ, ನಮ್ಮ ಅಪ್ಪ ಅಮ್ಮ ಅಲ್ಲಿ ಮಲಗಿರೋದು ಆ ನಿಯಮ ನಂಬಿ," ಎಂದರು. ಅದೂ ಪ್ರಾಮಾಣಿಕವಾದ ಮಾತೇ. ಕೊನೆಗೆ, ಮೊದಲು ಮಿಲ್ಟನ್ ಏನನ್ನುತ್ತಾರೆಂದು ಕೇಳಿ ಬರಲಿ ಎಂದು ನನ್ನನ್ನೇ ಕಳಿಸಿದರು.

ನಾನು ಸಂತೋಷದಿಂದಲೇ ಹೋದೆ ಎಂದು ಒಪ್ಪಿಕೊಳ್ಳಬೇಕು. ಮೂವತ್ತು ವರ್ಷದ ಭಾರ ಒಂದೇ ಮಧ್ಯಾಹ್ನದಲ್ಲಿ ಇಳಿಯುತ್ತದೆ ಎಂದುಕೊಂಡಿದ್ದೆ.

ಮಿಲ್ಟನ್ ಪೂರ್ತಿ ಕೇಳಿಸಿಕೊಂಡರು. ಎದ್ದು ಹೋಗಿ, ಮೇಜಿನ ಡ್ರಾಯರಿನಿಂದ ನಾನು ಕೊಟ್ಟಿದ್ದ ಪತ್ರ ತಂದು ನನ್ನ ಮುಂದೆ ಹಾಕಿದರು.

"ಓದು."

"ಯಾಕೆ?"

"ಓದು ಅಂದೆ. ನೀನೇ ಬರೆದಿದ್ದು. ಪ್ರತಿಯಾಗಿ ಏನೂ ಕೊಟ್ಟಿಲ್ಲ ಅಂತ ಬರೆದು ಸಹಿ ಮಾಡಿದ್ದೀಯಲ್ಲ, ಈಗ ಕೊಡೋಕೆ ಬಂದಿದ್ದೀಯ?"

"ಇದು ಪ್ರತಿಯಾಗಿ ಅಲ್ಲ ಮಿಲ್ಟನ್…"

"ಮತ್ತೇನು?" ಅವರ ದನಿ ಏರಿದ್ದನ್ನು ನಾನು ಮೊದಲ ಸಲ ಕೇಳಿದೆ. "ಅವತ್ತು ಬರಿಗೈಯಲ್ಲಿ ನಿಂತು ಕೇಳಿದೆ. ಹದಿನೈದು ವರ್ಷ ನಿಮ್ಮ ಪಾತ್ರೆ ತೊಳೆದವಳಿಗೆ ಆರಡಿ ಜಾಗ. ಇಲ್ಲ ಅಂದ್ರಿ. ಇವತ್ತು ಚೆಕ್ಕು ನೋಡಿ ಹೂಂ ಅಂತೀರಿ. ಹಾಗಾದ್ರೆ ಅವತ್ತು ನನ್ನ ಹತ್ರ ದುಡ್ಡಿರಲಿಲ್ಲ, ಅದೊಂದೇ ಅಡ್ಡಿಯಾಗಿತ್ತಾ? ನನ್ನ ಮಾತು ತಗೊಂಡು ಹೋಗಿ ಹೇಳು ಅವರಿಗೆ. ಅವಳ ಹೆಸರು ಈ ದುಡ್ಡಿನ ಜೊತೆ ಯಾವನಾದ್ರೂ ಸೇರಿಸಿದ್ರೆ ಮುಂದಿನ ವರ್ಷದ ಚೆಕ್ಕು ಅಗ್ನಿಶಾಮಕದವರಿಗೆ ಹೋಗುತ್ತೆ. ಫಲಕನೂ ಬೇಡ."

ನಾನು ಎದ್ದೆ. ಕೋಟು ಹಾಕಿಕೊಂಡೆ. ಅವರು ನೋಡಿದರು, ಸ್ವಲ್ಪ ತಣ್ಣಗಾದರು.

"ಕೂತ್ಕೋ. ಚಹಾ ಕುಡಿದು ಹೋಗು." ಲೋಟ ತುಂಬಿದರು. "ವಾಂಡಾ ಅಲ್ಲಿ ಚೆನ್ನಾಗಿದ್ದಾಳೆ. ಒಂದು ಕಡೆ ಅವರಮ್ಮ, ಇನ್ನೊಂದು ಕಡೆ ಅವಳ ಅಕ್ಕ. ಆ ಅಕ್ಕನ ಜೊತೆ ಜಗಳ ಮಾಡದೆ ಅವಳಿಗೆ ಊಟ ಸೇರ್ತಿರಲಿಲ್ಲ. ಈಗ ಎತ್ತಿ ತಂದು ಅಪರಿಚಿತರ ಮಧ್ಯೆ ಇಡ್ತೀರಾ? ಅವಳ ಕಾಲ ಹತ್ರ ನಂಗೊಂದು ಜಾಗ ತಗೊಂಡು ಇಪ್ಪತ್ತು ವರ್ಷ ಆಯ್ತು. ಅಲ್ಲಿನ ಪಾದ್ರಿ ಒಂದು ಮಾತೂ ಕೇಳಲಿಲ್ಲ, ಸಹಿ ಹಾಕಿಸ್ಕೊಂಡ, ಅಷ್ಟೆ."

ಚಹಾ ಕುಡಿದು ಮುಗಿಸುವ ಹೊತ್ತಿಗೆ ಇನ್ನೊಂದು ಮಾತು ಹೇಳಿದರು: "ಆ ಬೇಲಿ ಪಕ್ಕದ ಜಾಗ ಬೇರೆ ಯಾರಿಗಾದ್ರೂ ಬೇಕಿದ್ರೆ ಕೊಡಿ. ಕೊಡಬೇಕಾದದ್ದೇ ಅದು. ನನ್ನಿಂದ ಅಂತ ಮಾಡಬೇಡಿ, ಅವರಿಗೆ ಬೇಕು ಅಂತ ಮಾಡಿ."

ಅದೇ ಬೇಸಿಗೆಯಲ್ಲಿ ನಿಯಮ ಬದಲಾಯಿತು. ಒಂದು ವರ್ಷಕ್ಕೂ ಹೆಚ್ಚು ಚರ್ಚೆ ಆಗುತ್ತದೆಂದುಕೊಂಡಿದ್ದೆವು, ಎರಡು ಸಭೆಯಲ್ಲಿ ಮುಗಿಯಿತು. ಮಿಲ್ಟನ್ ಹೆಸರನ್ನು ಯಾರೂ ಎತ್ತಲಿಲ್ಲ, ಎತ್ತದ ಹಾಗೆ ನಾನು ನೋಡಿಕೊಂಡೆ. ಜೆರಾಲ್ಡ್ ವಿರೋಧವಾಗಿ ಮತ ಹಾಕಿದರು. ಸೋತ ಮೇಲೆ ಗಿಡಗಳ ಸಾಲಿಗೆ ಯಾವ ಗಿಡ ಬೇಕೆಂದು ನರ್ಸರಿಗೆ ಹೋಗಿ ಆರಿಸಿ ತಂದವರೂ ಅವರೇ. ಇನ್ನೊಬ್ಬರು ಆರಿಸಿದರೆ ಒಣಗುತ್ತದಂತೆ.

ಮಿಲ್ಟನ್ ಆಮೇಲೆ ಮೂರು ವರ್ಷ ಚೆಕ್ಕು ಕಳಿಸಿದರು. ಹೂಡಿಕೆ ಕಂಪನಿ ಮೂರು ವರ್ಷವೂ ಹೆಸರು ಹಾಕಲಿಲ್ಲ. ಚೆಕ್ಕು ಬಂದ ದಿನ ನಾನು ಫೋನ್ ಮಾಡಿ, "ಬಂತು," ಎನ್ನುತ್ತಿದ್ದೆ. "ಕಾಗದ ತಗೊಂಡು ಬಾ," ಎನ್ನುತ್ತಿದ್ದರು. ಆಮೇಲಾಮೇಲೆ ಕಾಗದವಿಲ್ಲದ ದಿನಗಳಲ್ಲೂ ಹೋಗಲು ಶುರುಮಾಡಿದೆ. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ಆ ಮಾತು ಮತ್ತೆ ಬರಲಿಲ್ಲ. ಇಸ್ಪೀಟಾಡುತ್ತಿದ್ದೆವು. ನಾನು ಕಳ್ಳಾಟ ಆಡುತ್ತೇನೆಂದು ಅವರು ಬಲವಾಗಿ ನಂಬಿದ್ದರು.

ಊಟಕ್ಕೆ ಬನ್ನಿ ಎಂದು ಹಲವು ಸಲ ಕರೆದೆ. ಒಂದೇ ಒಂದು ಸಲ ಬಂದರು, ಇಜ್ಜಿ ರಾಪಪೋರ್ಟನ ತೊಂಬತ್ತೆರಡನೆಯ ಹುಟ್ಟುಹಬ್ಬಕ್ಕೆ. ಮುಂಬಾಗಿಲಿನಿಂದ ಬರಲಿಲ್ಲ. ಅಡುಗೆಮನೆಯ ಹಿಂಬಾಗಿಲಿನಿಂದ, ಸಾಮಾನು ಇಳಿಸುವ ಕಡೆಯಿಂದ ಒಳಬಂದರು. ಇಜ್ಜಿಯ ಪಕ್ಕ ಕೂತು ಎರಡು ಬಟ್ಟಲು ಸಾರು ಕುಡಿದರು.

"ಹೇಗಿದೆ?" ಎಂದು ಅಡುಗೆಯಾಕೆ ಬಂದು ಕೇಳಿದಳು.

"ಬಿಸಿಯಾಗಿದೆ," ಎಂದರು ಮಿಲ್ಟನ್.

"ಎರಡು ಬಟ್ಟಲು ಕುಡಿದ್ರಲ್ಲ?"

"ಮೊದಲನೇದು ಕುಡಿದಾಗ ಮೆಣಸು ಹಾಕಿಲ್ಲ ಅನ್ನಿಸ್ತು. ಖಚಿತ ಮಾಡ್ಕೊಂಡೆ."

ಇಜ್ಜಿ ಮೇಜು ಗುದ್ದಿ ನಕ್ಕು ಕೆಮ್ಮಿದ. ಮಿಲ್ಟನ್ ಅವನ ಬೆನ್ನು ತಟ್ಟಿದರು. ಬಂದ ದಾರಿಯಲ್ಲೇ ಹೊರಟುಹೋದರು.

ಮಿಲ್ಟನ್ ಸತ್ತದ್ದು ಮಾರ್ಚಿನಲ್ಲಿ. ಬೆಳಿಗ್ಗೆ ಪೇಪರ್ ತರಲು ಹೊರಬಂದವರು ಮೆಟ್ಟಿಲ ಮೇಲೆ ಕೂತರು, ಏಳಲಿಲ್ಲ. ಎದುರು ಮನೆಯವರು ನೋಡಿ ಫೋನ್ ಮಾಡಿದರು. ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದರು. ಖಾತೆಯಲ್ಲಿ ಉಳಿದದ್ದು ಅಡುಗೆಮನೆಗೆ. ಮೈ ತೊಳೆದು ಬಿಳಿ ಬಟ್ಟೆ ಉಡಿಸುವುದು ನಮ್ಮವರು ನಮ್ಮ ಪದ್ಧತಿಯಲ್ಲಿ ಮಾಡಬೇಕು. ಹೂಳುವುದು ವಾಂಡಾಳ ಹತ್ತಿರ. 'ಬರುವವರು ಬರಲಿ, ಬರದವರನ್ನು ಯಾರೂ ಏನೂ ಅನ್ನಬಾರದು' ಎಂಬುದು ಕೊನೆಯ ಸಾಲು.

ನಮ್ಮ ಧರ್ಮಗುರು ರಬ್ಬಿ ಆಶರ್ ಕ್ಲೀವ್‌ಲ್ಯಾಂಡಿನಿಂದ ತಿಂಗಳಿಗೆ ಎರಡು ಶನಿವಾರ ನಮ್ಮಲ್ಲಿಗೆ ಬರುವವರು. ಫೋನಿನಲ್ಲಿ ವಿಷಯ ಕೇಳಿ, ಯಾವ ಸ್ಮಶಾನ ಎಂದು ಎರಡು ಸಲ ಕೇಳಿದರು.

"ರೋಸ್ಲಿನ್ ಅಮ್ಮ, ಶಿಲುಬೆಗಳ ಮಧ್ಯೆ ನಿಂತು ನಾನು ವಿಧಿ ನಡೆಸೋದು ಕಷ್ಟ. ನಮ್ಮ ಹಿರಿಯರನ್ನ ಕೇಳಬೇಕು."

"ಕೇಳಿ. ಆದರೆ ನಾಳೆ ಹನ್ನೊಂದಕ್ಕೆ ಹೂಳೋದು. ನಮ್ಮಲ್ಲಿ ಸತ್ತವರನ್ನ ಕಾಯಿಸೋ ಪದ್ಧತಿ ಇಲ್ಲ, ನಿಮಗೇ ಗೊತ್ತು."

ಮರುದಿನ ಹತ್ತೂವರೆಗೆ ಅವರ ಕಾರು ಸ್ಮಶಾನದ ಗೇಟಿನ ಮುಂದೆ ನಿಂತಿತ್ತು. ಹಿರಿಯರು ಏನೆಂದರೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸತ್ತವರಿಗಾಗಿ ಹೇಳುವ ಕಡಿಷ್ ಪ್ರಾರ್ಥನೆಗೆ ನಮ್ಮವರು ಹತ್ತು ಜನ ಬೇಕು. ಹತ್ತು ಜನ ಸೇರುತ್ತಾರೋ ಇಲ್ಲವೋ ಎಂದು ನನಗೆ ಹೆದರಿಕೆಯಿತ್ತು. ಮಂಗಳವಾರದ ಊಟದವರು ವ್ಯಾನು ಮಾಡಿಕೊಂಡು ಬಂದಿದ್ದರು. ಲುಬೆಟ್ಕಿನ್ ಬಂದಿದ್ದರು. ಜೆರಾಲ್ಡ್ ಬಂದು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಟೋಪಿ ಸರಿಮಾಡಿಕೊಂಡು ಒಳಗೆ ನಡೆದರು. ಎಣಿಸಿದರೆ ಇಪ್ಪತ್ತಾರು ಜನ. ನಾನು ಆ ಸ್ಮಶಾನದೊಳಗೆ ಕಾಲಿಟ್ಟದ್ದು ಅದೇ ಮೊದಲು. ವಾಂಡಾಳ ಕಲ್ಲು ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು.

ಪೆಟ್ಟಿಗೆ ಇಳಿಸಿದ ಮೇಲೆ ಅಲ್ಲಿನ ಕೆಲಸಗಾರ, ಐವತ್ತರ ಆಸುಪಾಸಿನ ದಪ್ಪ ಮೀಸೆಯವನು, ಮಣ್ಣು ತಳ್ಳುವ ಯಂತ್ರ ಹತ್ತಿ ಕೂತ.

"ನೀವೆಲ್ಲ ಹೊರಡಿ, ನಾನು ಮುಚ್ತೀನಿ," ಎಂದ.

"ಇಲ್ಲಪ್ಪ, ನಾವೇ ಮುಚ್ಚಬೇಕು," ಎಂದೆ. "ಸಲಿಕೆ ಇದೆಯಾ?"

ಅವನು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಊರುಗೋಲುಗಳು, ಇಜ್ಜಿಯ ಗಾಲಿಕುರ್ಚಿ. "ನೀವಾ?"

"ನಾವೇ."

ಎರಡು ಸಲಿಕೆ ತಂದುಕೊಟ್ಟ. ಮೊದಲ ಮಣ್ಣನ್ನು ಸಲಿಕೆಯ ಬೆನ್ನಿನಿಂದ ಹಾಕುತ್ತೇವೆ. ಈ ಕೆಲಸಕ್ಕೆ ಅವಸರವಿಲ್ಲ ಎಂದು ತೋರಿಸಲು. ರಬ್ಬಿ ಹಾಕಿದರು, ಜೆರಾಲ್ಡ್ ಹಾಕಿದರು, ನಾನು ಹಾಕಿದೆ. ಇಜ್ಜಿ ಕುರ್ಚಿಯಲ್ಲೇ ಬಗ್ಗಿ ಕೈಯಿಂದ ಒಂದು ಹಿಡಿ ಹಾಕಿದ. ಹಿಮ ಕರಗಿ ಮಣ್ಣು ಮುದ್ದೆಯಾಗಿತ್ತು, ಸಲಿಕೆಗೆ ಅಂಟುತ್ತಿತ್ತು. ಅರ್ಧ ಗಂಟೆಯಲ್ಲಿ ಕಾಲು ಭಾಗವೂ ತುಂಬಲಿಲ್ಲ. ಲುಬೆಟ್ಕಿನ್ ಕೋಟು ಬಿಚ್ಚಿ ಒಂದು ಕಲ್ಲಿನ ಮೇಲಿಟ್ಟು, ಅದು ಯಾರದೋ ಸಮಾಧಿ ಎಂದು ನೆನಪಾಗಿ ಗಾಬರಿಯಿಂದ ಮತ್ತೆ ತೆಗೆದು ಹೆಗಲ ಮೇಲೆ ಹಾಕಿಕೊಂಡರು.

ಮೀಸೆಯವನು ಯಂತ್ರದ ಮೇಲೆ ಕೂತು ನೋಡಿದ. ಗಡಿಯಾರ ನೋಡಿಕೊಂಡ. ಆಮೇಲೆ ಇಳಿದು ಶೆಡ್ಡಿಗೆ ಹೋಗಿ ಮೂರನೆಯ ಸಲಿಕೆ ತಂದು ನಮ್ಮ ಜೊತೆ ಮಣ್ಣು ಹಾಕತೊಡಗಿದ. ಅವನು ಸೇರಿದ ಮೇಲೆ ಕೆಲಸ ಸಾಗಿತು. ಮುಗಿದಾಗ ಸಮಾಧಿಯ ಮೇಲೆ ಮಣ್ಣು ಸ್ವಲ್ಪ ಓರೆಯಾಗಿ ನಿಂತಿತ್ತು. ಅವನು ಸಲಿಕೆಯ ಹಿಂಬದಿಯಿಂದ ತಟ್ಟಿ ಸಮ ಮಾಡಿದ. ರಬ್ಬಿ ಶುರುಮಾಡಿದರು, ನಾವು ದನಿಗೂಡಿಸಿದೆವು. ಪಕ್ಕದ ಸಾಲಿನಲ್ಲಿ ಹೂವು ಇಡಲು ಬಂದಿದ್ದ ಇಬ್ಬರು ಹೆಂಗಸರು ನಿಂತು, ನಾವು ಮುಗಿಸುವ ತನಕ ಕಾದರು.

ನಮ್ಮ ಪದ್ಧತಿಯಂತೆ ಸ್ಮಶಾನದಿಂದ ಹೊರಡುವ ಮುಂಚೆ ಕೈ ತೊಳೆಯಬೇಕು. ಅಲ್ಲಿ ನಲ್ಲಿ ಇದೆಯೋ ಇಲ್ಲವೋ ಎಂದು ನಾನು ಕಾರಿನಲ್ಲಿ ನೀರಿನ ಕ್ಯಾನು ತಂದಿದ್ದೆ. ಗೇಟಿನ ಹತ್ತಿರ ನಿಂತು ಒಬ್ಬೊಬ್ಬರ ಕೈಗೂ ಸುರಿದೆ. ನೀರು ಕೊರೆಯುತ್ತಿತ್ತು, ಎಲ್ಲರೂ ಹಲ್ಲು ಕಚ್ಚಿಕೊಂಡು ತೊಳೆದರು. ಕೊನೆಯಲ್ಲಿ ಮೀಸೆಯವನು ಸಲಿಕೆಗಳನ್ನು ಹೊತ್ತು ಅದೇ ದಾರಿಯಲ್ಲಿ ಬಂದ. ನಮ್ಮ ಸಾಲು ನೋಡಿ ನಿಂತ.

"ನಾನೂ ತೊಳೀಬೇಕಾ?"

"ತೊಳೀರಿ," ಎಂದೆ.

ಅವನು ಸಲಿಕೆಗಳನ್ನು ಗೇಟಿಗೆ ಒರಗಿಸಿ, ತೋಳು ಮಡಿಸಿ, ಎರಡೂ ಕೈ ಮುಂದೆ ಚಾಚಿದ.